ದಾಕ್ಷಿಯ ಕನಸು ನನಗೆ ಬೀಳುತ್ತಿದ್ದ ವರ್ಷಗಳು

ನಮ್ಮ ಊರಿನಲ್ಲಿ ಬೀದಿಗಳು ಬೆಳಗಿಗಿಂತ ಮೊದಲೇ ಎಚ್ಚರಗೊಳ್ಳುತ್ತವೆ. ಹಾಲಿನ ಗಾಡಿ ಬರುವುದಕ್ಕೆ ಮುಂಚೆಯೇ ಜನ ತಮ್ಮ ಮನೆಗಳಿಂದ ಹೊರಟು ಇನ್ನೊಬ್ಬರ ಹೊಸ್ತಿಲಿನ ಎದುರು ನಿಂತಿರುತ್ತಾರೆ. ಮುಖ ತೊಳೆದಿರುತ್ತಾರೆ, ಬಾಯಿಗೆ ಮಾತ್ರ ಏನನ್ನೂ ಹಾಕಿರುವುದಿಲ್ಲ. ರಾತ್ರಿ ತಮಗೆ ಬಿದ್ದ ಕನಸನ್ನು ಅದರ ಒಡೆಯರಿಗೆ ಒಪ್ಪಿಸಿದ ಮೇಲೆಯೇ ಅವರಿಗೆ ಚಹಾ. ಇಲ್ಲಿ ಯಾರ ಕನಸೂ ಅವರಿಗೆ ಬೀಳುವುದಿಲ್ಲ, ಇನ್ನೊಬ್ಬರಿಗೆ ಬೀಳುತ್ತದೆ. ಮಗುವಿಗೆ ಏಳೆಂಟು ವರ್ಷ ತುಂಬುವ ಹೊತ್ತಿಗೆ ಅದರ ಕನಸು ಊರಿನ ಯಾರೋ ಒಬ್ಬರ ನಿದ್ದೆಯಲ್ಲಿ ನೆಲೆಗೊಂಡುಬಿಡುತ್ತದೆ, ಅವರು ತೀರಿಕೊಂಡರೆ ಮತ್ತೊಬ್ಬರಿಗೆ ಹೋಗುತ್ತದೆ. ಯಾರದೆಂದು ಹೇಗೆ ತಿಳಿಯುತ್ತದೆ ಎಂದು ಹೊರಗಿನಿಂದ ಬಂದವರು ಕೇಳುವುದುಂಟು. ಎದ್ದಾಗ ಒಂದು ಹೆಸರು ನಾಲಿಗೆಯ ಮೇಲೆ ಇರುತ್ತದೆ, ಅಷ್ಟೇ. ಅದಕ್ಕಿಂತ ಹೆಚ್ಚು ಯಾರೂ ಯೋಚಿಸಿಲ್ಲ.

ಇದರಿಂದ ಊರಿನ ನಡವಳಿಕೆಯಲ್ಲಿ ಕೆಲವು ಸೂಕ್ಷ್ಮಗಳು ಬೆಳೆದಿವೆ. ದರ್ಜಿ ಗಂಗಾಧರನ ಕನಸು ಅವನ ಅತ್ತೆಗೆ ಬೀಳುತ್ತದೆ. ಆದ್ದರಿಂದ ಅವನು ಮದುವೆಯಾದಂದಿನಿಂದ ರಾತ್ರಿ ಮಜ್ಜಿಗೆ ಅನ್ನದ ಹೊರತು ಬೇರೇನನ್ನೂ ಮುಟ್ಟುವುದಿಲ್ಲ. ಹೇಳಲು ಮುಜುಗರವಾಗುವಂಥದ್ದು ಬಿದ್ದರೆ, "ಬಾಗಿಲಾಗ ನಿಂತು ಹೇಳೂ ಅಂಥಾದ್ದಲ್ಲ" ಎಂದಷ್ಟೇ ಹೇಳಿ ಹೊರಟುಬಿಡಬಹುದು. ಕೇಳಿಸಿಕೊಂಡವರು ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಇದೊಂದು ವಿನಾಯಿತಿಯನ್ನು ಬಿಟ್ಟರೆ ನಿಯಮ ಒಂದೇ: ಕಂಡದ್ದನ್ನು ಕಂಡಂತೆ ಹೇಳಬೇಕು, ಸೇರಿಸಬಾರದು, ಬಿಡಬಾರದು. ತಪ್ಪಿದರೆ ಶಿಕ್ಷೆಯೇನೂ ಇಲ್ಲ. ತಪ್ಪುತ್ತಾರೆ ಎಂಬ ಆಲೋಚನೆಯೇ ಯಾರಿಗೂ ಬಂದಿರಲಿಲ್ಲ.

ನಾನು ನಲವತ್ತು ವರ್ಷ ಈ ಊರಿನ ಒಂದೇ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿದವನು. ಪಂಚಾಂಗ, ಲಗ್ನಪತ್ರಿಕೆ, ಸಂತಾಪಸೂಚನೆ, ನಡುನಡುವೆ ಇನ್ನೂರು ಪ್ರತಿಗಳ ಕವನಸಂಕಲನ. ಹಗಲು ಇನ್ನೊಬ್ಬರ ಬರಹದಲ್ಲಿ ಒಂದು ಕೊಂಬನ್ನೂ ಹೆಚ್ಚಿಸದೆ, ಒಂದು ಬೊಟ್ಟನ್ನೂ ಕಳೆಯದೆ ಕುಳಿತಿರುತ್ತಿದ್ದೆ. ಸಂಜೆ ಹೊಸ ಕಾವ್ಯ ಓದುತ್ತಿದ್ದೆ. ಪ್ರಾಸವನ್ನು ಕಳಚಿಟ್ಟು, ಬರಿಗಾಲಿನಲ್ಲಿ ನಡೆದುಬಂದ ಆ ಸಾಲುಗಳು ನನಗೆ ಹೆಂಡತಿಮಕ್ಕಳ ಸ್ಥಾನದಲ್ಲಿದ್ದವು. ನನಗೆ ಬೇರೆ ಸಂಸಾರವಿರಲಿಲ್ಲ. ನನ್ನ ಕನಸು ಬೀಳುವುದು ಹಿಟ್ಟಿನ ಗಿರಣಿಯ ಫಕೀರಪ್ಪನಿಗೆ. ಅವನು ಆರು ಗಂಟೆಗೆ ಬಂದು, ಹುಬ್ಬಿನ ಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ, ಎರಡು ಮಾತಿನಲ್ಲಿ ಮುಗಿಸಿ ಹೋಗುತ್ತಿದ್ದ. ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ. ಸ್ವಂತ ಕನಸಿನ ಬಗ್ಗೆ ಅರವತ್ತರ ನಂತರ ಯಾರಿಗೆ ಕುತೂಹಲವಿರುತ್ತದೆ?

ನನಗೆ ಅರವತ್ತೈದು ತುಂಬಿದ ವರ್ಷ, ಒಂದು ಬೆಳಿಗ್ಗೆ, ನಾಲಿಗೆಯ ಮೇಲೆ ದಾಕ್ಷಾಯಣಿ ಎಂಬ ಹೆಸರಿತ್ತು. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ ಶಾರವ್ವನ ಮಗಳು, ಎಂಟು ವರ್ಷದವಳು. ತಂದೆ ಬೋರ್‌ವೆಲ್ ಲಾರಿಯೊಡನೆ ಊರೂರು ತಿರುಗುವವನು, ತಿಂಗಳಿಗೊಮ್ಮೆ ಮನೆಗೆ ಬಂದು ಎರಡು ದಿನ ಮಲಗಿ ಹೋಗುತ್ತಿದ್ದ. ನಾನು ಹೋಗಿ ನಿಂತಾಗ ಹುಡುಗಿ ಎರಡು ಜಡೆ ಹಾಕಿಸಿಕೊಂಡು, ಹಬ್ಬದ ಲಂಗ ಉಟ್ಟು, ಬಾಗಿಲಲ್ಲಿ ಕಾದಿದ್ದಳು. ಆ ವಯಸ್ಸಿನ ಮಕ್ಕಳು ನಮ್ಮಲ್ಲಿ ಮೊದಲ ಕನಸು ಬರುವವರೆಗೆ ದಿನವೂ ಹಾಗೆಯೇ ಸಿಂಗರಿಸಿಕೊಂಡು ಕಾಯುತ್ತಾರೆ.

"ಏನ್ ಬಿತ್ತ್ರಿ ಅಜ್ಜಾರ?"

"ಒಂದು ಗ್ವಾಡಿ," ಎಂದೆ. "ಮಣ್ಣಿನ ಗ್ವಾಡಿ. ಅದರ ಮ್ಯಾಲೆ ನೀ ಅಂಗೈ ಇಟ್ಟಿದ್ದಿ."

"ಮತ್ತ?"

ಮತ್ತೇನೂ ಇರಲಿಲ್ಲ. ಅವಳ ಗೆಳತಿಯ ಕನಸಿನಲ್ಲಿ ಹಿಂದಿನ ದಿನವಷ್ಟೇ ಗಂಟೆ ಕಟ್ಟಿದ ಆನೆ ಬಂದಿತ್ತು. ಇನ್ನೊಬ್ಬಳ ಕನಸಿನಲ್ಲಿ ಹಾರುವ ಮಂಚ. ಹುಡುಗಿಯ ಕೆಳತುಟಿ ಮೆಲ್ಲಗೆ ನಡುಗತೊಡಗಿತು. ನಾನು ಆಗ ಮಾಡಿದ್ದನ್ನು ಕರುಣೆಯೆಂದು ಬಹಳ ವರ್ಷ ಕರೆದುಕೊಂಡೆ.

"ಗ್ವಾಡಿ ಆಚೆ ಒಂದು ಸಪ್ಪಳ ಇತ್ತು," ಎಂದೆ. "ದೊಡ್ಡ ಸಪ್ಪಳ. ಸಮುದ್ರದ್ದು."

ನಮ್ಮ ಊರಿನಿಂದ ಸಮುದ್ರಕ್ಕೆ ಹೋದವರು ಯಾರೂ ಇಲ್ಲ. ನಾನೂ ನೋಡಿಲ್ಲ. ಹುಡುಗಿಯ ಮುಖ ನೀರು ಕುಡಿದ ಗಿಡದಂತೆ ಎದ್ದು ನಿಂತಿತು. ಆಮೇಲೆ ಒಂಬತ್ತು ವರ್ಷ ನಾನು ಆ ಗಿಡಕ್ಕೆ ನೀರೆರೆದೆ. ದಿನವೂ ಗೋಡೆಯೇ ಬೀಳುತ್ತಿತ್ತು: ಸುಣ್ಣ ಕಿತ್ತ ಗೋಡೆ, ಇಟ್ಟಿಗೆ ಕಾಣುವ ಗೋಡೆ, ದೀಪದ ಗೂಡಿನ ಗೋಡೆ. ನಾನು ಗೋಡೆಯನ್ನು ದಿನಕ್ಕಿಷ್ಟು ತಗ್ಗಿಸುತ್ತಾ ಸಮುದ್ರವನ್ನು ಏರಿಸುತ್ತಾ ಹೋದೆ. ಮೂರನೆಯ ವರ್ಷದ ಹೊತ್ತಿಗೆ ಗೋಡೆ ಮೊಣಕಾಲೆತ್ತರಕ್ಕೆ ಇಳಿದಿತ್ತು. ಐದನೆಯ ವರ್ಷ ಅದು ಇರಲೇ ಇಲ್ಲ.

ದಾಕ್ಷಿ ಹತ್ತನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ನನ್ನ ಮನೆಗೆ ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ತಾನು ಸಮುದ್ರ ವಿಜ್ಞಾನ ಓದುವುದಾಗಿ ಹೇಳಿದಳು. ಕರಾವಳಿಯಲ್ಲಿ ಅಂಥದೊಂದು ಕಾಲೇಜು ಇದೆ ಎಂದು ಹೇಗೋ ತಿಳಿದುಕೊಂಡಿದ್ದಳು. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಯಾವ ಪರೀಕ್ಷೆಗೆ ಯಾವಾಗ ಕಟ್ಟಬೇಕು, ವಿದ್ಯಾರ್ಥಿವೇತನಕ್ಕೆ ಯಾರಿಗೆ ಬರೆಯಬೇಕು, ಹಾಸ್ಟೆಲಿಗೆ ಏನೇನು ದಾಖಲೆ ಬೇಕು ಎಂಬುದನ್ನು ಹೇಳುವವರು ಬೇಕಿತ್ತು. ಇದು ನನಗೇ ಬರಬೇಕಾಗಿದ್ದ ಕೆಲಸ ಎಂಬ ಸಂತೋಷದಿಂದ ಒಪ್ಪಿಕೊಂಡೆ. ಮುದ್ರಣಾಲಯದಿಂದ ಉಳಿಕೆ ಕಾಗದದ ಉದ್ದನೆಯ ಪಟ್ಟಿ ತಂದು, ಎರಡು ವರ್ಷಗಳನ್ನು ಅದರ ಮೇಲೆ ತಿಂಗಳುಗಳಾಗಿ ಕತ್ತರಿಸಿದೆವು. ಆಗಸ್ಟಿನಲ್ಲಿ ಗಣಿತದ ಹಳೆಯ ಪ್ರಶ್ನೆಪತ್ರಿಕೆಗಳು. ಡಿಸೆಂಬರಿನಲ್ಲಿ ಜಾತಿ ಮತ್ತು ಆದಾಯದ ಪ್ರಮಾಣಪತ್ರ. ಮಾರ್ಚಿನಲ್ಲಿ ಪರೀಕ್ಷೆ. ಏಪ್ರಿಲಿನಲ್ಲಿ ಅರ್ಜಿ. ಪಟ್ಟಿಯ ಕೊನೆಯ ಮನೆಯಲ್ಲಿ ಅವಳು ತನ್ನ ದುಂಡಕ್ಷರದಲ್ಲಿ ಬರೆದಳು: ಜೂನ್, ಕಡಲು.

ಆ ಎರಡು ವರ್ಷ ನನ್ನ ಬಾಳಿನ ಅತ್ಯಂತ ಸುಖದ ಕಾಲ. ಸಂಜೆ ಅವಳು ಖಾನಾವಳಿಯ ತಟ್ಟೆಗಳನ್ನು ತೊಳೆದು, ಕೈಯಲ್ಲಿ ಸೋಪಿನ ವಾಸನೆ ಹೊತ್ತು ಬರುತ್ತಿದ್ದಳು. ಉಬ್ಬರ ಇಳಿತ, ಉಪ್ಪಿನ ಪ್ರಮಾಣ, ನೀರಿನೊಳಗಿನ ನೀರಿನ ಹೊಳೆಗಳು. ಅವಳು ಗ್ರಂಥಾಲಯದ ಪುಸ್ತಕದಿಂದ ಓದಿ ಹೇಳುವಾಗ ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಆ ಕೋಣೆಯಲ್ಲಿ ಆಗ ಬೆಳಕು ಬಾಗುತ್ತಿತ್ತು. ನೆಲ ನಿಧಾನವಾಗಿ ಉಸಿರಾಡುತ್ತಿತ್ತು. ಅವಳು ಮಾತ್ರ ಪೆನ್ಸಿಲಿನ ತುದಿಯಿಂದ ನನ್ನ ಮೊಣಕೈ ತಿವಿಯುತ್ತಿದ್ದಳು. "ಅಜ್ಜಾರ, ಮಲಗಿದ್ರೇನ್ರಿ? ನಿಮ್ಮ ನಿದ್ದಿ ನನ್ನ ಕನಸಿಗೆ ಬರ್ದಿಟ್ಟದ್ದು, ಹಗಲಿ ಖರ್ಚು ಮಾಡಬ್ಯಾಡ್ರಿ."

ಏಪ್ರಿಲ್ ಎಂಟರಂದು ಶಾಲೆಯ ಮುಖ್ಯೋಪಾಧ್ಯಾಯಿನಿ, ಊರೆಲ್ಲ ಬಾಯಾರು ಎಂದು ಕರೆಯುವ ಕಮಲಾಬಾಯಿಯವರು ನನ್ನನ್ನು ಕರೆಸಿದರು. ಊರು ಬಿಟ್ಟು ಓದಲು ಹೋಗುವ ಮಕ್ಕಳ ಅರ್ಜಿಗೆ ಅವರ ಮುದ್ರೆ ಬೀಳಬೇಕು. ಮುದ್ರೆ ಬೀಳಬೇಕಾದರೆ ಆ ಮಗುವಿನ ಕನಸು ಯಾರಿಗೆ ಬೀಳುತ್ತದೆಯೋ ಅವರು ಒಂದು ಹಾಳೆ ಬರೆದುಕೊಡಬೇಕು. ಅದು ಹಳೆಯ ಪದ್ಧತಿ. ಮಗು ಯಾವ ಕಡೆಗೆ ಹೊರಟಿದೆ ಎಂಬುದನ್ನು ಅದರ ಹಗಲಿನ ಮಾತಿನಿಂದ ಮಾತ್ರ ನಂಬಬಾರದು ಎಂದು ಹಿಂದಿನವರಿಗೆ ಅನ್ನಿಸಿತ್ತೋ ಏನೋ.

"ಇಪ್ಪತ್ತನೇ ತಾರೀಖಿನ ಒಳಗ ಕೊಡ್ರಿ," ಎಂದರು ಬಾಯಾರು. "ಕಂಡದ್ದು ಕಂಡಂಗ, ಕೆಳಗ ನಿಮ್ಮ ಸಹಿ. ನಿಮಗ ನಾ ಹೇಳೂದೇನೈತಿ ಬಿಡ್ರಿ. ಊರಾಗ ಒಂದು ಕೊಂಬು ತಪ್ಪಿದ್ರ ಜ್ವರ ಬರೂದು ನಿಮಗೊಬ್ಬರಿಗೇ."

ಹಾಳೆಯನ್ನು ಮೇಜಿನ ಮೇಲೆ ಹರಡಿ ಮೂರು ದಿನ ಕುಳಿತೆ. ಬಾಯಿಂದ ಹೇಳುವಾಗ ಮಾತು ಗಾಳಿಯಲ್ಲಿ ಕರಗಿಹೋಗುತ್ತದೆ, ಯಾರೂ ಅದನ್ನು ಹಿಡಿದು ಬೆಳಕಿಗೆ ಎತ್ತಿ ನೋಡುವುದಿಲ್ಲ. ಕಾಗದ ಹಾಗಲ್ಲ. ಕಾಗದದ ಮೇಲೆ ಇಲ್ಲದ್ದನ್ನು ಇದೆ ಎಂದು ಬರೆಯಲು ನನ್ನ ಬೆರಳಿಗೆ ಅಭ್ಯಾಸವಿರಲಿಲ್ಲ. 'ಸಮುದ್ರ' ಎಂದು ಬರೆದೆ, ನಲವತ್ತು ವರ್ಷದ ರೂಢಿಯ ಕೈ ತಾನಾಗಿ ಅದರ ಮೇಲೆ ಕೆಂಪು ಗೆರೆ ಎಳೆಯಿತು. 'ಗೋಡೆ' ಎಂದು ಬರೆದೆ, ಆ ಪದ ಅಲ್ಲಿ ನಿಂತೇ ಇತ್ತು. ಗೋಡೆಯೆಂದು ಬರೆದುಕೊಟ್ಟರೆ ಬಾಯಾರು ಕೇಳುತ್ತಾರೆ, ಗೋಡೆಯ ಕನಸಿನವಳು ಕಡಲಿಗೇಕೆ ಹೋಗುತ್ತಾಳೆ ಎಂದು. ಮುದ್ರೆ ಬೀಳುವುದಿಲ್ಲ. ಸಮುದ್ರವೆಂದು ಬರೆದರೆ ಮುದ್ರೆ ಬೀಳುತ್ತದೆ, ಹುಡುಗಿ ಹೋಗುತ್ತಾಳೆ, ತನ್ನದಲ್ಲದ ಒಂದು ಬಾಳನ್ನು ತನ್ನದೆಂದು ತಿಳಿದು ಬಾಳುತ್ತಾಳೆ.

ನಾಲ್ಕನೆಯ ಬೆಳಿಗ್ಗೆ ಫಕೀರಪ್ಪ ಬಂದ. ನಾನು ಹಾಳೆಯ ಮುಂದೆ ಕುಳಿತೇ, "ಏನ್ ಬಿತ್ತು ಫಕೀರಪ್ಪಾ?" ಎಂದೆ.

"ಏನಂತ ಹೇಳ್ಲಿರಿ," ಎಂದು ಅವನು ನಕ್ಕ. "ಅದಽ ಐತಿ. ಇಪ್ಪತ್ತು ವರ್ಷ ಆತು, ದಿನಾ ಅದಽ. ನೀರು. ಬರೇ ನೀರು, ಆಚಿ ದಂಡಿ ಕಾಣಂಗಿಲ್ಲ. ಸಪ್ಪಳ ಒಂದು ಅಂದ್ರ ನನ್ನ ಗಿರಣಿ ಬ್ಯಾರೆ ಅಲ್ಲ ಅದು ಬ್ಯಾರೆ ಅಲ್ಲ. ನಿಮ್ಮ ಕನಸು ಕಂಡು ಕಂಡು ನನಗ ನೆಗಡೀನೂ ಹಿಡದೈತಿ. ಈಗೀಗ ಈಚಿ ದಂಡಿ ಮ್ಯಾಲೆ ಒಂದು ಹುಡುಗಿ ನಿಂತಿರ್ತಾಳ್ರಿ, ಹೆಗಲಿಗೆ ಚೀಲ. ಗುರುತು ಸಿಗಂಗಿಲ್ಲ. ಬೆನ್ನು ಈ ಕಡೆ."

ಅವನು ಹೋದ ಮೇಲೆ ಪೆನ್ನು ಕೆಳಗಿಟ್ಟೆ. ಆ ಸಮುದ್ರವನ್ನು ಕವಿತೆಗಳಿಂದ ತಂದೆನೆಂದು ತಿಳಿದಿದ್ದೆ. ಅಲ್ಲ. ದಿನವೂ ಆರು ಗಂಟೆಗೆ ಫಕೀರಪ್ಪ ನನ್ನ ಹೊಸ್ತಿಲಲ್ಲಿ ಸುರಿದುಹೋದ ನೀರನ್ನು ಆರೂವರೆಗೆ ನಾನು ಆ ಮಗುವಿನ ಹೊಸ್ತಿಲಿಗೆ ಹೊತ್ತೊಯ್ದಿದ್ದೆ. ಹದಿನೆಂಟನೆಯ ವಯಸ್ಸಿನಲ್ಲಿ ಕರಾವಳಿಯ ಒಂದು ಕಾಲೇಜಿನ ಅರ್ಜಿ ನನ್ನ ಬಳಿಯೂ ಇತ್ತು. ಭರ್ತಿ ಮಾಡಿಯೂ ಆಗಿತ್ತು. ಅಂಚೆಗೆ ಹಾಕುವ ದಿನ ಯಾರದೋ ಲಗ್ನಪತ್ರಿಕೆಯ ಕರಡು ತುರ್ತಾಗಿ ಬಂತು. ನಾಳೆ ಹಾಕಿದರಾಯಿತು ಎಂದುಕೊಂಡೆ. ಆ ಮದುಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ.

ಮಧ್ಯಾಹ್ನ ಊಟದ ಗದ್ದಲ ಮುಗಿಯುವ ಹೊತ್ತಿಗೆ ಖಾನಾವಳಿಗೆ ಹೋದೆ. ಶಾರವ್ವ ಒಲೆಯ ಮುಂದೆ ಕೊನೆಯ ರೊಟ್ಟಿಗಳನ್ನು ಬಡಿಯುತ್ತಿದ್ದಳು. ದಾಕ್ಷಿ ಮೂಲೆಯ ಮೇಜಿನ ಮೇಲೆ ಅರ್ಜಿ ಹರಡಿಕೊಂಡು, 'ಈ ವಿಷಯವನ್ನೇ ಏಕೆ ಆರಿಸಿಕೊಂಡಿದ್ದೀರಿ' ಎಂಬ ಪ್ರಶ್ನೆಗೆ ನಾಲ್ಕನೆಯ ಸಲ ಉತ್ತರ ಬರೆಯುತ್ತಿದ್ದಳು.

"ಬರ್ರಿ ಅಜ್ಜಾರ, ಹಾಳಿ ತಂದ್ರೇನು?"

ನಿಂತೇ ಹೇಳಿದೆ. ಬೆಳಗಿನ ಹೊತ್ತಲ್ಲದಿದ್ದರೂ, ಹೇಳುವುದನ್ನು ಹೇಳಿ ಮುಗಿಸುವವರೆಗೆ ಕೂರಬಾರದು ಎನ್ನಿಸಿತು. ಅವಳು ಮೊದಲು ನಕ್ಕಳು. ನಂತರ ಪೆನ್ನಿನ ಮುಚ್ಚಳ ಹಾಕಿದಳು.

"ಎಷ್ಟು ಸಲ?"

"ಮೊದಲನೇ ದಿನದಿಂದ."

"ಒಂಬತ್ತು ವರ್ಷ?"

"ಹೌದು."

"ಒಮ್ಮೆನೂ ಸಮುದ್ರ ಬಿದ್ದಿಲ್ಲ?"

"ಒಮ್ಮೆನೂ ಇಲ್ಲವ್ವಾ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಶಾರವ್ವ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ನನ್ನನ್ನು ನೋಡಿದಳು. "ಕಾಕಾರ, ಜ್ವಾಳದ ಹಿಟ್ಟಿನ್ಯಾಗ ಒಂದು ಹಿಡಿ ಗೋದಿ ಬೆರಕಿ ಆದ್ರ ನನಗ ಮೊದಲನೇ ಬಡತಕ್ಕ ಗೊತ್ತಾಗ್ತೈತಿ. ನೀವು ಒಂಬತ್ತು ವರ್ಷ ಬೆರಸೀರಿ. ನನಗ ತಿಳೀಲೇ ಇಲ್ಲ ನೋಡ್ರಿ." ಅವಳ ದನಿಯಲ್ಲಿ ಸಿಟ್ಟಿಗಿಂತ ತನ್ನ ಕೈಯ ಮೇಲಿನ ನಂಬಿಕೆ ಹೋದ ದುಃಖವಿತ್ತು. ಅದು ನನ್ನನ್ನು ಹೆಚ್ಚು ನೋಯಿಸಿತು.

"ಅಂದ್ರ ಆ ಸಮುದ್ರ ಯಾರದು?" ಎಂದಳು ದಾಕ್ಷಿ.

"ನಂದು."

"ಹಂಗಾದ್ರ ಇಷ್ಟು ದಿನ ನಾವು ಕೂತು ಪ್ಲಾನ್ ಮಾಡಿದ್ದು ನಿಮ್ಮ ಕಾಲೇಜಿಂದು." ಅವಳು ಅರ್ಜಿಯನ್ನು ನನ್ನ ಕಡೆಗೆ ತಳ್ಳಿದಳು. "ತಗೋರಿ. ವಯಸ್ಸಿನ ಕಾಲಮ್ಮಿನ್ಯಾಗ ಎಪ್ಪತ್ನಾಕು ಅಂತ ಬರೀರಿ. ಹಾಸ್ಟೆಲ್ಲಿನ್ಯಾಗ ಮ್ಯಾಲಿನ ಮಂಚ ಕೇಳಬ್ಯಾಡ್ರಿ, ಏರಾಕ ಆಗಂಗಿಲ್ಲ."

ಹೊರಗೆ ಯಾವುದೋ ಬಸ್ಸು ಹಿಂದೆ ಸರಿಯುತ್ತಿತ್ತು, ನಿರ್ವಾಹಕ ಅದರ ಬೆನ್ನು ತಟ್ಟುತ್ತಿದ್ದ. ಅವಳು ಮೇಜಿನ ಮೇಲಿನ ನೀರಿನ ಲೋಟದ ಉಂಗುರವನ್ನು ಬೆರಳಿನಿಂದ ಅಳಿಸಿದಳು. ಆಮೇಲೆ ಹೇಳಿದಳು, "ಬಿದ್ದದ್ದು ಹೇಳ್ರಿ. ನೆನಪಿದ್ದಷ್ಟೂ. ಖರೇ ಖರೇದು."

ಹೇಳಿದೆ. ಮಣ್ಣಿನ ಗೋಡೆಗಳು, ಅವುಗಳೊಳಗಿನ ಹುಲ್ಲಿನ ಎಳೆಗಳು. ಬಿಸಿಯಾಗಿದ್ದ ಒಂದು ಗೋಡೆ, ಅದಕ್ಕೆ ಅವಳು ಕೆನ್ನೆ ಒತ್ತಿಕೊಂಡಿದ್ದದ್ದು. ಬೆವರುವ ಗೋಡೆ. ಇನ್ನೂ ಅರ್ಧ ಕಟ್ಟಿದ್ದು, ಅದರ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಗಾರೆಯವರ ತೂಗುಗುಂಡು, ಅಲುಗದೆ. ಬಿರುಕು ಬಿಟ್ಟ ಗೋಡೆಯೊಂದರ ಬಿರುಕಿನ ಉದ್ದಕ್ಕೂ ಅವಳು ಬೆರಳಾಡಿಸುತ್ತಾ ಊರಿನ ಕೊನೆಯವರೆಗೆ ನಡೆದದ್ದು. ಒಮ್ಮೆ ಗೋಡೆಯ ಸುಣ್ಣದ ಚಕ್ಕೆಯನ್ನು ಹಲ್ಲಿನಲ್ಲಿ ಕಡಿಯುತ್ತಿದ್ದದ್ದು.

ಇಷ್ಟು ಹೊತ್ತು ಕಲ್ಲಿನಂತಿದ್ದ ಅವಳ ಮುಖದಲ್ಲಿ ಅವಳಿಗೇ ಬೇಡದ ಒಂದು ನಗು ಸುಳಿಯಿತು. "ಯವ್ವಾ, ನಾ ಸಣ್ಣಾಕಿದ್ದಾಗ ಖರೇನ ಗ್ವಾಡಿ ತಿಂತಿದ್ನೇನು?"

"ತಿಂತಿದ್ದಿ," ಎಂದಳು ಶಾರವ್ವ ಒಲೆಯ ಕಡೆ ತಿರುಗಿ. "ಅಡಗಿಮನಿ ಮೂಲ್ಯಾಗ ಮೊಳದುದ್ದ ಕೆರದು ತಿಂದಿದ್ದಿ. ನಿಮ್ಮಪ್ಪ ಬಂದಾಗ ಇಲಿ ಅಂತ ಹೇಳಿದ್ದೆ."

ನನ್ನೊಳಗಿನ ಹಳೆಯ ಓದುಗ ಬಾಯಿ ತೆರೆದ. ಗೋಡೆಯೆಂದರೆ, ಎಂದು ಆರಂಭಿಸಿದೆ. ಅವಳು ಕೈ ಎತ್ತಿದಳು. "ಅರ್ಥ ಹೇಳಬ್ಯಾಡ್ರಿ ಅಜ್ಜಾರ. ದಯಮಾಡಿ. ಅಷ್ಟು ಸಾಕು."

ಮುಂದಿನ ಏಳು ದಿನ ಅವಳು ನನ್ನ ಮನೆಗೆ ಬರಲಿಲ್ಲ. ನಾನು ಬೆಳಿಗ್ಗೆ ಹೋಗಿ ಬಾಗಿಲಲ್ಲಿ ನಿಂತು, ಬಿದ್ದದ್ದನ್ನು ಒಂದೇ ವಾಕ್ಯದಲ್ಲಿ ಹೇಳಿ ಬರುತ್ತಿದ್ದೆ. ಅವಳು "ಆತ್ರಿ" ಎಂದು ಬಾಗಿಲು ಮುಚ್ಚುತ್ತಿದ್ದಳು. ಹಗಲೆಲ್ಲ ಊರಿನ ಗೋಡೆಗಳನ್ನು ಮುಟ್ಟುತ್ತಾ ತಿರುಗುತ್ತಿದ್ದಾಳೆಂದು ಸುದ್ದಿ ಬರುತ್ತಿತ್ತು. ಅಂಚೆ ಕಚೇರಿಯ ಹಿಂದಿನ ಕಲ್ಲುಗೋಡೆ, ಕೋಟೆಯ ಮುರುಕು, ಗಿರಣಿಯ ಹಿಟ್ಟು ಮೆತ್ತಿದ ಗೋಡೆ. ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾಳಂತೆ. ಗಂಗಾಧರ ಹೊಲಿಗೆಯಂತ್ರದಿಂದ ಕತ್ತೆತ್ತಿ, "ಯಾಕವ್ವಾ ದಾಕ್ಷಿ, ನಮ್ಮ ಗ್ವಾಡಿಗೆ ಜ್ವರ ಬಂದೈತೇನು?" ಎಂದು ಕೇಳಿದನಂತೆ. "ಜ್ವರ ಇಲ್ಲ ಕಾಕಾ, ಅತ್ತಿ ಭಯ ಐತಿ," ಎಂದಳಂತೆ ಅವಳು. ಇದು ಕೇಳಿ ಸ್ವಲ್ಪ ಸಮಾಧಾನವಾಯಿತು. ತಮಾಷೆ ಮಾಡುವಷ್ಟು ಉಸಿರು ಉಳಿದಿದೆ ಎಂದುಕೊಂಡೆ.

ಹತ್ತೊಂಬತ್ತರ ಸಂಜೆ ಬಂದಳು. ನಾಳೆ ಕೊನೆಯ ದಿನ. ಎರಡು ವರ್ಷದ ಆ ಕಾಗದದ ಪಟ್ಟಿ ಇನ್ನೂ ಗೋಡೆಯ ಮೇಲಿತ್ತು. ಅದನ್ನು ತೆಗೆಯುವ ಧೈರ್ಯ ನನಗಾಗಿರಲಿಲ್ಲ. ಅವಳು ಅದರತ್ತ ನೋಡದೆ ತನ್ನ ಜಾಗದಲ್ಲಿ ಕುಳಿತಳು.

"ಎಲ್ಲಾ ಮುಟ್ಟಿ ನೋಡಿದೆ," ಎಂದಳು. "ಏನೂ ಆಗ್ಲಿಲ್ಲ. ಗ್ವಾಡಿ ಗ್ವಾಡೀನಽ. ರಾತ್ರಿ ನಿಮ್ಮ ತಲಿಯೊಳಗ ಅದರ ಮುಂದ ನಿಂತಾಕಿಗೆ ಏನ್ ಅನಸ್ತದೋ, ಹಗಲಿ ನನಗ ಅನಸಲಿಲ್ಲ. ಸಮುದ್ರದ ಪುಸ್ತಕ ತಗದೆ. ಅದು ಚಲೋ ಅನಸ್ತು. ಆದ್ರ ಈಗ ಪ್ರತೀ ಹಾಳ್ಯಾಗೂ ನೀವು ಕೂತಂಗ ಆಗ್ತೈತಿ."

"ಮತ್ತ ಏನ್ ಮಾಡ್ತಿ?"

"ಆ ಪಟ್ಟಿಯೊಳಗ ಇನ್ನೊಂದು ಕಾಲೇಜಿನ ಹೆಸರಿತ್ತಲ್ಲ, ನೀವು ಬ್ಯಾಡಂದು ಗೆರಿ ಹೊಡದಿದ್ರಿ. ಅಲ್ಲಿ ಮೊದಲನೇ ವರ್ಷ ಎಲ್ಲಾ ವಿಜ್ಞಾನಾನೂ ಕಲಸ್ತಾರಂತ. ಯಾವುದು ಬೇಕು ಅಂತ ಎರಡನೇ ವರ್ಷ ಹೇಳಿದ್ರ ಆತು. ಅಷ್ಟರೊಳಗ..." ಅವಳು ನಿಲ್ಲಿಸಿದಳು. "ಊರು ದಾಟಿದವರಿಗೆ ಅವರ ಕನಸು ಅವರಿಗೇ ಬೀಳ್ತಾವಲ್ಲ. ನಾನಽ ನೋಡ್ಕೊಂತೀನಿ."

ಅದು ನಿಜ. ಊರಿನ ಗಡಿಗಲ್ಲು ದಾಟಿ ಉಳಿದವರಿಗೆ ಹಾಗಾಗುತ್ತದೆ. ಫಕೀರಪ್ಪ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಒಮ್ಮೆ ಎರಡು ವಾರ ಹೊರಗಿದ್ದು, ಹೆದರಿ ಬಂದಿದ್ದ. ಯಾರೋ ಕೇಳದೆ ತನ್ನ ತಲೆಯೊಳಗೆ ಬಂದು ಕುಳಿತಂತಾಯಿತು, ನೋಡಿದರೆ ಕುಳಿತವನು ತಾನೇ ಎಂದಿದ್ದ. ನಮ್ಮ ಜನ ಸಾಮಾನ್ಯವಾಗಿ ಅದನ್ನು ಒಂದು ತೊಂದರೆ ಎಂದೇ ಲೆಕ್ಕಿಸುತ್ತಾರೆ, ನೀರು ಬದಲಾದರೆ ಹೊಟ್ಟೆ ಕೆಡುವ ಹಾಗೆ. ಅದಕ್ಕಾಗಿಯೇ ಊರು ಬಿಡಬಹುದು ಎಂದು ಯೋಚಿಸಿದ ಮೊದಲನೆಯವಳು ಇವಳಿರಬೇಕು.

ನಾನು ಗೆರೆ ಹೊಡೆದಿದ್ದ ಕಾಲೇಜು. ಅದು ಸಮುದ್ರದಿಂದ ದೂರ ಎಂಬ ಒಂದೇ ಕಾರಣಕ್ಕೆ, ಅವಳನ್ನು ಕೇಳದೆಯೇ, ಮೊದಲ ವರ್ಷವೇ ಅಳಿಸಿಹಾಕಿದ್ದೆ. ಹಾಳೆಯನ್ನು ಮುಂದೆ ಎಳೆದುಕೊಂಡು ಬರೆಯತೊಡಗಿದೆ. ಅವಳು ಪಕ್ಕದಲ್ಲಿ ಕುಳಿತು ಒಂದೊಂದೇ ಪದವನ್ನು ಪೊಲೀಸಿನವರಂತೆ ಕಾದಳು. 'ಬೆಳಗಿನ ಬಿಸಿಲಿನಂಥ' ಎಂದು ಒಂದು ಗೋಡೆಗೆ ವಿಶೇಷಣ ಹಚ್ಚಿದಾಗ ಬೆರಳಿಟ್ಟಳು.

"ಬಿಸಲಿತ್ತೇನ್ರಿ?"

"ಬೆಚ್ಚಗಿತ್ತು."

"ಬೆಚ್ಚಗಿತ್ತು ಅಂತ ಬರೀರಿ."

ಹಾಗೆ ಬರೆದೆ. ಒಂಬತ್ತು ವರ್ಷಗಳ ಕನಸು ಹದಿನಾಲ್ಕು ಸಾಲಿನಲ್ಲಿ ಮುಗಿಯಿತು. ಓದಿ ನೋಡಿದಾಗ, ಅದರಲ್ಲಿ ತೆಗೆಯುವಂಥದ್ದು ಏನೂ ಇರಲಿಲ್ಲ. ನಾನು ಜೀವಮಾನವೆಲ್ಲ ಇಂಥ ಸಾಲುಗಳನ್ನೇ ಮೆಚ್ಚಿ ಓದಿದವನು. ದಿನವೂ ಅವು ನನ್ನ ನಿದ್ದೆಗೆ ಬಂದು ಬಿದ್ದಾಗ ನನಗೆ ಗುರುತು ಸಿಕ್ಕಿರಲಿಲ್ಲ.

ಕೊನೆಗೆ ಇನ್ನೊಂದು ಸಾಲು ಸೇರಿಸಬೇಕೆಂದೆ: ಈ ಹುಡುಗಿಗೆ ನಾನು ಇಷ್ಟು ವರ್ಷ ಬೇರೆಯದನ್ನು ಹೇಳುತ್ತಾ ಬಂದಿದ್ದೇನೆ, ತಪ್ಪು ನನ್ನದು. ಅವಳು ಸ್ವಲ್ಪ ಯೋಚಿಸಿದಳು. "ಬರೀರಿ," ಎಂದಳು. ನಾನು ಅವಳು ಬೇಡವೆನ್ನುತ್ತಾಳೆಂದು ಒಳಗೊಳಗೆ ಆಸೆ ಪಟ್ಟಿದ್ದೆ.

ಕಮಲಾಬಾಯಿಯವರು ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮೂರನೆಯ ಸಲ ಓದಿದರು. "ಬರೇ ಗ್ವಾಡಿ," ಎಂದರು. ನಂತರ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು. "ಇಷ್ಟು ವರ್ಷ ನಮ್ಮ ಪಠ್ಯಪುಸ್ತಕದ ಕರಡೂ ನೀವಽ ನೋಡೀರಿ," ಎಂದರು. "ಅದರಾಗ ಏನೇನ್ ಸೇರ್ಸೀರೋ ದೇವರಿಗೇ ಗೊತ್ತು." ದಾಕ್ಷಿ ನಗು ತಡೆಯಲಾರದೆ ಕೆಮ್ಮಿದಳು. ಬಾಯಾರು ಅವಳ ಕಡೆ ತಿರುಗಿದರು. "ನೀ ಹೇಳವ್ವಾ. ಎಲ್ಲಿಗೆ ಹೊಂಟಿ?"

"ಇನ್ನೂ ಗೊತ್ತಿಲ್ರಿ ಬಾಯಾರ. ಗೊತ್ತು ಮಾಡ್ಕೊಳ್ಳಾಕ ಹೊಂಟೇನಿ."

ಇಂಥ ಉತ್ತರಕ್ಕೆ ಹಿಂದೆಂದೂ ಮುದ್ರೆ ಬಿದ್ದಿರಲಿಲ್ಲವಂತೆ. ಬಾಯಾರು ಮುದ್ರೆಯನ್ನು ಮಸಿಯಲ್ಲಿ ಒತ್ತಿ, ಸ್ವಲ್ಪ ಹೊತ್ತು ಗಾಳಿಯಲ್ಲಿಯೇ ಹಿಡಿದಿದ್ದರು. ಆಮೇಲೆ ಒತ್ತಿದರು.

ಜೂನಿನ ಎರಡನೆಯ ವಾರ ಅವಳು ಹೊರಟಳು. ಅಪ್ಪ ಲಾರಿ ಬಿಟ್ಟು ಬಂದಿದ್ದ, ಅವಳ ಟ್ರಂಕನ್ನು ಬಸ್ಸಿನ ಮೇಲೆ ಕಟ್ಟಿದ. ನನಗೆ ಅವಳು ಏನೂ ಹೇಳಲಿಲ್ಲ, ಕಾಲು ಮುಟ್ಟಿದಳು. ಆ ರಾತ್ರಿ ನನ್ನ ನಿದ್ದೆಯಲ್ಲಿ ಏನೂ ಬೀಳಲಿಲ್ಲ. ಬೆಳಿಗ್ಗೆ ನಾಲಿಗೆಯ ಮೇಲೆ ಯಾವ ಹೆಸರೂ ಇರಲಿಲ್ಲ. ಅಚ್ಚಾಗದ ಹಾಳೆಯಂಥ ನಿದ್ದೆ. ಆಮೇಲೆ ದಿನವೂ ಹಾಗೆಯೇ. ಆದರೂ ಕಾಲುಗಳಿಗೆ ಅಭ್ಯಾಸ ತಪ್ಪಲಿಲ್ಲ. ಆರೂವರೆಗೆ ಅವು ನನ್ನನ್ನು ಖಾನಾವಳಿಯ ಮುಂದೆ ತಂದು ನಿಲ್ಲಿಸುತ್ತಿದ್ದವು. ಹೇಳಲು ಏನೂ ಇಲ್ಲದೆ ನಿಂತವನನ್ನು ಶಾರವ್ವ ಒಳಗೆ ಕರೆದು ಚಹಾ ಕೊಡುತ್ತಿದ್ದಳು. ಕ್ಷಮಿಸಿದ್ದಾಳೋ ಇಲ್ಲವೋ ನನಗೆ ತಿಳಿಯದು. ಚಹಾ ಮಾತ್ರ ಬಿಸಿಯಾಗಿರುತ್ತಿತ್ತು.

ತಾಯಿಗೆ ಅವಳು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ನನಗೆ ಜುಲೈ ಕೊನೆಯಲ್ಲಿ ಕಾಗದ ಬಂತು. ಫೋನು ಏಕೆ ಮಾಡಲಿಲ್ಲ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆದಿದ್ದಳು: ಮಾತಿನಲ್ಲಿ ಹೇಳಿದರೆ ನೀವು ನಡುವೆ ಏನಾದರೂ ಸೇರಿಸುತ್ತೀರಿ. ಕಾಗದವನ್ನು ಶಾರವ್ವನ ಬಳಿಗೇ ಒಯ್ದೆ. ಅವಳ ಕೈ ಹಿಟ್ಟಾಗಿತ್ತು. "ಓದ್ರಿ," ಎಂದಳು, "ಇದ್ದದ್ದು ಇದ್ದಂಗ."

ಓದಿದೆ. ಹಾಸ್ಟೆಲಿನ ಕಿಟಕಿ ಪೂರ್ತಿ ಮುಚ್ಚುವುದಿಲ್ಲ. ಸಾರಿಗೆ ಬೆಲ್ಲ ಹಾಕುತ್ತಾರೆ. ರಸಾಯನಶಾಸ್ತ್ರ ಕಷ್ಟ, ಭೂಗರ್ಭಶಾಸ್ತ್ರದ ಮೇಡಂ ಒಳ್ಳೆಯವರು. ಬೆಳಿಗ್ಗೆ ಎದ್ದು ಮೆಟ್ಟಿಲ ಮೇಲೆ ಹೋಗಿ ಕೂರುತ್ತೇನೆ, ಯಾರಾದರೂ ಬಂದು ಹೇಳುತ್ತಾರೇನೋ ಎಂದು. ಕೋಣೆಯ ಗೆಳತಿ ನಗುತ್ತಾಳೆ. ಮೊದಲ ಹನ್ನೆರಡು ದಿನ ಏನೂ ಬೀಳಲಿಲ್ಲ. ಹದಿಮೂರನೆಯ ದಿನ ನನ್ನ ಕನಸು ನನಗೇ ಬಿತ್ತು. ಏನು ಬಿತ್ತೆಂದು ಯಾರಿಗೂ ಹೇಳಿಲ್ಲ. ನಿಮಗೂ ಹೇಳುವುದಿಲ್ಲ, ಸಿಟ್ಟಾಗಬೇಡಿ. ವಿಷಯ ಆರಿಸುವುದಕ್ಕೆ ಇನ್ನೂ ಒಂಬತ್ತು ತಿಂಗಳು ಇದೆ.

"ಮುಂದ?" ಎಂದಳು ಶಾರವ್ವ.

"ಮುಂದ ಏನಿಲ್ಲ. ಇಷ್ಟಽ ಬರ್ದಾಳ."

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಅಂಚು ಏಳುವವರೆಗೆ ಕಾದಳು. "ಏನ್ ಬಿದ್ದಿರಬೌದ್ರಿ ಕಾಕಾರ?"

ಗಂಟಲಿನವರೆಗೆ ಒಂದು ಮಾತು ಬಂತು. ಚೆಲುವಾದ ಮಾತು. ಆ ತಾಯಿ ಅದನ್ನು ಕೇಳಿದ್ದರೆ ಇಡೀ ದಿನ ನಗುತ್ತಾ ರೊಟ್ಟಿ ಬಡಿಯುತ್ತಿದ್ದಳು. ನಾನು ಅದನ್ನು ನುಂಗಿದೆ.

"ಗೊತ್ತಿಲ್ಲವ್ವಾ," ಎಂದೆ.

ಶಾರವ್ವ ರೊಟ್ಟಿಯನ್ನು ತಿರುವಿದಳು. ಅದು ಉಬ್ಬಿತು.

"ಹೇಳದಿದ್ರ ಬಿಡ್ಲಿ," ಎಂದಳು. "ಕಂಡಾಳಲ್ಲ."